ಒಳ್ಳೆಯ ಉದ್ದೇಶಕ್ಕೂ ದೇವರ ತಡೆಯೇ?

ಪ್ರಶ್ನೆ: ಸ್ವಾರ್ಥವಿಲ್ಲದೆ, ಪ್ರಾರ್ಥಿಸಿಯೇ ಕೈಗೊಂಡ ಸೇವೆ ನಿಂತುಹೋಗಿದೆ. ಒಳ್ಳೆಯ ಉದ್ದೇಶವೂ ದೇವರ ಚಿತ್ತಕ್ಕೆ ಹೊರತಾಗಿರಬಹುದೇ?

ಉತ್ತರ: ಇರಬಹುದು, ಆದರೆ ಅಷ್ಟರಿಂದ ನಿಮ್ಮ ಉದ್ದೇಶ ಕೆಟ್ಟದ್ದಾಗುವುದಿಲ್ಲ. ದೇವಾಲಯ ಕಟ್ಟುವ ಇಸ್ರಾಯೇಲಿನ ಅರಸ ದಾವೀದನ ಆಸೆಗೆ ಪ್ರವಾದಿ ನಾತಾನನು ಕೂಡಲೇ ಒಪ್ಪಿದನು; ಅದೇ ರಾತ್ರಿ ದೇವರ ವಾಕ್ಯ ಬೇರೆಯಾಗಿ ಬಂದಿತು (ಬೈಬಲಿನ 2 ಸಮುವೇಲ 7). ಕಟ್ಟುವವನು ತಾನಲ್ಲ, ತನ್ನ ಮಗನೆಂದು ತಿಳಿದ ದಾವೀದನು ಮುನಿಸಿಕೊಂಡು ಕೂರದೆ, ಕಲ್ಲು, ಕಬ್ಬಿಣ, ದೇವದಾರು ಮರಗಳನ್ನು ಕೂಡಿಹಾಕಿ, ಆಲಯದ ನಕ್ಷೆಯನ್ನು ಆ ಮಗ ಸೊಲೊಮೋನನ ಕೈಗೆ ಕೊಟ್ಟನು. ಅವನ ಆ ಮನಸ್ಸನ್ನು ದೇವರು ಮೆಚ್ಚಿದ್ದುಂಟು (1 ಅರಸುಗಳು 8:18). ನನಗಂತೂ ಇದು ದೊಡ್ಡ ಸಾಂತ್ವನ. ಶಿಷ್ಯ ಪೇತ್ರನಾದರೋ ಪ್ರೀತಿಯಿಂದಲೇ ಯೇಸುವನ್ನು ಶಿಲುಬೆಯ ದಾರಿಯಿಂದ ತಡೆಯಲು ಹೋಗಿ ಗದರಿಸಿಕೊಂಡನು. ಪ್ರತಿ ಅಡ್ಡಿಯನ್ನೂ ದೇವರ ನಿಷೇಧವೆಂದು ಅವಸರದಲ್ಲಿ ತೀರ್ಮಾನಿಸದೆ, ಈ ಸೇವೆಯನ್ನು ಇನ್ನೊಬ್ಬರು ಮುಗಿಸಿದರೂ ನಿಮಗೆ ಸಂತೋಷವಾಗುವುದೇ ಎಂದು ಪ್ರಾರ್ಥನೆಯಲ್ಲಿ ನಿಮ್ಮನ್ನೇ ಕೇಳಿಕೊಳ್ಳಿ.