ಪ್ರಧಾನಿ ಬದಲಾದರೂ ಜೆರೆಮಿ ಹೇವುಡ್ ಉಳಿದದ್ದು ಹೇಗೆ?

ಜೆರೆಮಿ ಹೇವುಡ್ ಬ್ರಿಟನ್‌ನ ಹಿರಿಯ ಸರ್ಕಾರಿ ಅಧಿಕಾರಿ. ಲೇಬರ್ ಪಕ್ಷದ ಪ್ರಧಾನಿ ಟೋನಿ ಬ್ಲೇರ್ ಜೊತೆ ಇದ್ದ ಅವರು ಆಮೇಲೆ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಡೇವಿಡ್ ಕ್ಯಾಮರೂನ್ ಜೊತೆಗೂ ಇದ್ದರಲ್ಲ, ಪಕ್ಷ ಬದಲಿಸಿದರಾ ಅಂತ ಕೇಳಿದ್ದೀರಿ. ಇಲ್ಲ, ಅವರು ಯಾವ ಪಕ್ಷದವರೂ ಅಲ್ಲ. ಬ್ರಿಟನ್‌ನಲ್ಲಿ ಮಂತ್ರಿಗಳು ಬದಲಾಗುತ್ತಾರೆ, ಖಾಯಂ ಅಧಿಕಾರಿಗಳು ಉಳಿಯುತ್ತಾರೆ. ಶಿಫಾರಸು ಬಿಟ್ಟು ಪರೀಕ್ಷೆಯ ಮೂಲಕ ಅಧಿಕಾರಿಗಳನ್ನು ಆರಿಸಬೇಕು ಎಂದು 1854ರ ನಾರ್ತ್‌ಕೋಟ್-ಟ್ರೆವೆಲಿಯನ್ ವರದಿಯೇ ಹೇಳಿತ್ತು. ಈ ಪದ್ಧತಿಯ ಬೇರು ಅಲ್ಲಿದೆ.

ಹೇವುಡ್ 1983ರಲ್ಲಿ ಅರ್ಥಶಾಸ್ತ್ರಜ್ಞರಾಗಿ ಸರ್ಕಾರಿ ಕೆಲಸಕ್ಕೆ ಸೇರಿ, ಬೇಗನೆ ಹಣಕಾಸು ಇಲಾಖೆಗೆ ಬಂದರು. 1992ರ ಸೆಪ್ಟೆಂಬರ್ 16ರಂದು ಪೌಂಡ್ ಕುಸಿದು, ಬ್ರಿಟನ್ ಯುರೋಪಿನ ವಿನಿಮಯ ದರ ವ್ಯವಸ್ಥೆಯಿಂದ (ದೇಶಗಳ ಕರೆನ್ಸಿ ಬೆಲೆಯನ್ನು ಒಂದು ಮಿತಿಯೊಳಗೆ ಇಡುವ ಏರ್ಪಾಡು) ಹೊರಬಿತ್ತು. ಆಗ ಅವರು ಹಣಕಾಸು ಮಂತ್ರಿ ನಾರ್ಮನ್ ಲಮಾಂಟ್ ಅವರ ಪ್ರಧಾನ ಖಾಸಗಿ ಕಾರ್ಯದರ್ಶಿ. ವಯಸ್ಸು ಇನ್ನೂ 30! ಅಂಥ ದಿನವನ್ನು ಒಳಗಿಂದ ಕಂಡವರನ್ನು ಯಾವ ಪ್ರಧಾನಿ ತಾನೇ ಬಿಟ್ಟುಕೊಡುತ್ತಾರೆ, ಅಲ್ವಾ? ಅವರು ಉಳಿದದ್ದಕ್ಕೆ ನಿಯಮಕ್ಕಿಂತ ಈ ಅನುಭವವೇ ಜಾಸ್ತಿ ಕಾರಣ ಅಂತ ನನಗನಿಸುತ್ತದೆ.

1999ರಿಂದ ಬ್ಲೇರ್ ಕಚೇರಿಯಲ್ಲಿದ್ದರು. 2003ರಲ್ಲಿ ಮಾರ್ಗನ್ ಸ್ಟ್ಯಾನ್ಲಿ ಬ್ಯಾಂಕಿಗೆ ಹೋಗಿ, 2007ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಕಾಲಕ್ಕೆ ವಾಪಸ್ ಬಂದರು. 2012ರ ಜನವರಿಯಲ್ಲಿ ಕ್ಯಾಮರೂನ್ ಸರ್ಕಾರದ ಸಂಪುಟ ಕಾರ್ಯದರ್ಶಿ, ಅಂದರೆ ಸಂಪುಟಕ್ಕೆ ನೆರವಾಗುವ ಅತ್ಯುನ್ನತ ಅಧಿಕಾರಿ, ಆದರು. ಮುಂದಿನ ಪ್ರಧಾನಿ ತೆರೇಸಾ ಮೇ ಕೂಡ ಅವರನ್ನೇ ಮುಂದುವರಿಸಿದರು. ಕ್ಯಾನ್ಸರ್‌ನಿಂದಾಗಿ 2018ರ ಅಕ್ಟೋಬರ್‌ನಲ್ಲಿ ಹುದ್ದೆ ಬಿಟ್ಟರು, ನವೆಂಬರ್ 4ರಂದು ತೀರಿಕೊಂಡರು. ಆಗ 56 ವರ್ಷ.

ಟೀಕೆಯೂ ಇದೆ. ಲೆಕ್ಸ್ ಗ್ರೀನ್‌ಸಿಲ್ ಎಂಬ ಹಣಕಾಸು ಉದ್ಯಮಿಯನ್ನು ಸರ್ಕಾರದೊಳಗೆ ಕರೆತಂದದ್ದಕ್ಕೆ ಸರ್ಕಾರವೇ ಮಾಡಿಸಿದ ತನಿಖೆಯ 2021ರ ಬೋರ್ಡ್‌ಮನ್ ವರದಿ ಹೇವುಡ್ ಅವರನ್ನು ಹೊಣೆ ಮಾಡಿತು. ಉತ್ತರ ಕೊಡಲು ಅವರೇ ಇಲ್ಲದಾಗ ಇದು ನ್ಯಾಯವಲ್ಲ ಎಂದು ಅವರ ಪತ್ನಿ ಪ್ರತಿಭಟಿಸಿದರು.