ಜನವರಿಯಲ್ಲಿ ಬಂದ ರೊಕ್ಕ ಯಾರದು?

(ಬಾಗಲಕೋಟೆಯ ನವನಗರದಲ್ಲಿ 2018ರಿಂದ ಜಿಮ್ ನಡೆಸುತ್ತಿರುವ 36 ವರ್ಷದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಯುಗಾದಿ ಹೊತ್ತಿಗೆ ಅವರ ಜಿಮ್‌ನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಎ.ಸಿ. ಇರುವ ದೊಡ್ಡ ಜಿಮ್ ಶುರುವಾಯಿತು. ಜನವರಿಯಲ್ಲಿ 130 ಇದ್ದ ಸದಸ್ಯರು ಈಗ 95. ಅವರಲ್ಲಿ 60 ಮಂದಿ ವರ್ಷದ ಫೀ 6,000 ರೂಪಾಯಿಯನ್ನು ಜನವರಿಯಲ್ಲೇ ಕಟ್ಟಿದವರು, 35 ಮಂದಿ ತಿಂಗಳಿಗೆ 1,000 ಕೊಡುವವರು. ವರ್ಷದ ಫೀಯಿಂದ ಬಂದ 3,60,000 ರೂಪಾಯಿಗೆ ಎರಡು ಟ್ರೆಡ್‌ಮಿಲ್ ತಂದರು. ಈಗ ತಿಂಗಳ ಖರ್ಚು 77,000, ಕೈಗೆ ಬರುವುದು 35,000. ಬ್ಯಾಂಕಿನ ಒಂದು ಕಂತು ತಪ್ಪಿದೆ. ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ಎರಡು ಲಕ್ಷ ಕೈಸಾಲ ತಂದು ಎ.ಸಿ. ಹಾಕಿಸಿ, ಹೊಸ ವರ್ಷಕ್ಕೆ ‘ವರ್ಷಕ್ಕೆ ಬರೀ 3,999’ ಎಂಬ ಆಫರ್ ಬಿಡಲೇ ಎಂದು ಕೇಳಿದ್ದಾರೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ‘ಕೋವಿಡ್ ದಾಟಿ ಬಂದವನು ನಾನು. ಈಗ ಯಾಕೆ ಕುಸಿಯುತ್ತಿದ್ದೇನೆ? ಗಟ್ಟಿ ಮನಸ್ಸು ಎಲ್ಲಿಂದ ತರಲಿ?’ ಎಂಬುದು ಅವರ ಪ್ರಶ್ನೆ. – ಸಂ.)

ಪ್ರಿಯ ಗೆಳೆಯರೇ,

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪತ್ರ ಮಡಚಿ ಇಟ್ಟ ಮೇಲೂ ಅದು ನನ್ನನ್ನು ಬಿಡಲಿಲ್ಲ.

2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ಜಿಮ್‌ಗಳಿಗೆ ಮತ್ತೆ ತೆರೆಯಲು ಒಪ್ಪಿಗೆ ಸಿಕ್ಕಿದ್ದು ಆಗಸ್ಟ್ 5ಕ್ಕೆ. ನಾಲ್ಕು ತಿಂಗಳಿಗೂ ಮೇಲೆ ಒಂದು ರೂಪಾಯಿ ಹುಟ್ಟಲಿಲ್ಲ. ಮರುವರ್ಷ ಎರಡನೇ ಅಲೆಯಲ್ಲಿ ಮತ್ತೆ ಬೀಗ ಬಿತ್ತು. ಅದನ್ನೆಲ್ಲ ದಾಟಿದ ನೀವು, 35 ಜನ ಬೇರೆ ಕಡೆ ಹೋದರೆಂದು ನಿದ್ದೆ ಕಳೆದುಕೊಂಡಿದ್ದೀರಿ. ನಿಮ್ಮ ಮನಸ್ಸು ಮೆತ್ತಗಾಗಿದೆ ಎಂದು ನಾನು ಒಪ್ಪುವುದಿಲ್ಲ. ಆಗ ಇಡೀ ಊರು ಬಾಗಿಲು ಹಾಕಿತ್ತು. ಬಾಡಿಗೆ ಕೊಡಲಾಗಲಿಲ್ಲ ಎನ್ನಲು ಯಾರಿಗೂ ನಾಚಿಕೆ ಇರಲಿಲ್ಲ. ಕಟ್ಟಡದ ಮಾಲೀಕರಿಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು. ಈ ಸಲ ಬಿದ್ದದ್ದು ನೀವೊಬ್ಬರೇ, ಅದಕ್ಕೇ ಮುಚ್ಚಿಟ್ಟಿರಿ. ಬೆಳಗಿನ ಐದಕ್ಕೆ ಎದ್ದು ಶಟರ್ ಎತ್ತಿ, ನಗುನಗುತ್ತ ಹುಡುಗರಿಗೆ ಸ್ಕ್ವಾಟ್ ಕಲಿಸಿ, ರಾತ್ರಿ ಮನೆಯವರು ‘ಇವತ್ತ ಹೆಂಗಿತ್ತು?’ ಅಂದರೆ ‘ಛಲೋ ಇತ್ತು’ ಅನ್ನುವುದು: ಏಳು ತಿಂಗಳಿಂದ ದಿನಾ ಎತ್ತುತ್ತಿರುವ ಈ ಭಾರಕ್ಕೆ ಒಂದು ದಿನವೂ ಬಿಡುವು ಕೊಟ್ಟಿಲ್ಲ. ಬಿಡುವಿಲ್ಲದೆ ಭಾರ ಎತ್ತಿದ ಸ್ನಾಯು ಏನಾಗುತ್ತದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನೀವು ಮುಚ್ಚಿಟ್ಟದ್ದು ಮನೆಯವರಿಂದ ಮಾತ್ರ ಅಂದುಕೊಂಡಿದ್ದೀರಿ. ನಿಮ್ಮಿಂದಲೇ ಮುಚ್ಚಿಟ್ಟದ್ದೂ ಇದೆ. ನಿಮ್ಮ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದೆ. ಬಾಡಿಗೆ 25,000, ಹೆಸ್ಕಾಂ ಬಿಲ್ 8,000, ಇಬ್ಬರು ಟ್ರೇನರ್‌ಗಳಿಗೆ 24,000, ಬ್ಯಾಂಕಿನ ಕಂತು 17,000, ಕಸ, ನೀರು, ರಿಪೇರಿ ಎಲ್ಲ ಸೇರಿ 3,000. ಇದರಲ್ಲಿ 35,000 ಕಳೆದು, ತಿಂಗಳಿಗೆ 42,000 ನಷ್ಟ ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೀರಿ. ಆ ಗೆರೆ ತಪ್ಪು. 60 ಜನ ಕೊಟ್ಟ 3,60,000ವನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ 30,000 ಬೀಳುತ್ತದೆ. ಅದು ಜುಲೈ ತಿಂಗಳ ಆದಾಯವೂ ಹೌದು, ಈ ತಿಂಗಳ ಆದಾಯವೂ ಹೌದು. ನೀವು ಅಷ್ಟನ್ನೂ ಫೆಬ್ರುವರಿಯಲ್ಲೇ ಟ್ರೆಡ್‌ಮಿಲ್‌ಗೆ ಕೊಟ್ಟುಬಿಟ್ಟಿರಿ. ಅದನ್ನು ಸೇರಿಸಿ ನೋಡಿದರೆ ನಿಮ್ಮ ಜಿಮ್ ತಿಂಗಳಿಗೆ ಕಳೆದುಕೊಳ್ಳುತ್ತಿರುವುದು 12,000.

ಜನವರಿಯಲ್ಲಿ ಬಂದ ಆ ರೊಕ್ಕ ನಿಮ್ಮದಾಗಿರಲಿಲ್ಲ. ಅದು ಸಾಲ. ಬಡ್ಡಿ ಇಲ್ಲದ, ಕಾಗದ ಪತ್ರ ಇಲ್ಲದ, 60 ಜನ ನಂಬಿ ಕೊಟ್ಟ ಸಾಲ. ದಿನಾ ಶಟರ್ ಎತ್ತಿ ಅದನ್ನು ತೀರಿಸಬೇಕು.

ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಪತ್ರಿಕೆಯವರೂ ವರ್ಷದ ಚಂದಾ ಪಡೆಯುವವರೇ. ನಾವು ಶುರು ಮಾಡಿದ ವರ್ಷ ಚಂದಾ ಹಣ ಒಟ್ಟಿಗೆ ಬಂದಾಗ ಎದೆ ಉಬ್ಬಿತ್ತು. ಕಚೇರಿಗೆ ಕಂಪ್ಯೂಟರ್ ಬಂತು, ಗಾಜಿನ ಮೇಜು ಬಂತು. ಎಂಟನೇ ಸಂಚಿಕೆಗೆ ಕಾಗದ ತರಲು ರೊಕ್ಕ ಇರಲಿಲ್ಲ. ಅಂಗಡಿಯವರ ಮುಂದೆ ನಿಂತು ಉದ್ರಿ ಕೇಳಿದೆ. ಆಗ ನಮ್ಮ ಲೆಕ್ಕ ನೋಡುತ್ತಿದ್ದ ಹಿರಿಯರು ಒಂದು ಮಾತು ಹೇಳಿದರು: ‘ಚಂದಾ ಅಂದ್ರ ಸಾಲ ರೀ. ಹನ್ನೆರಡು ಸಂಚಿಕೆ ಮುಟ್ಟಿಸಿದ ಮ್ಯಾಲ ತೀರತೈತಿ.’ ಮರುದಿನವೇ ಬೇರೆ ಪಾಸ್‌ಬುಕ್ ಮಾಡಿಸಿದೆವು. ಇವತ್ತಿಗೂ ಚಂದಾ ಅಲ್ಲಿಗೆ ಹೋಗುತ್ತದೆ, ಪ್ರತಿ ಸಂಚಿಕೆ ಅಚ್ಚಾದ ಮೇಲೆ ಹನ್ನೆರಡರಲ್ಲಿ ಒಂದು ಪಾಲು ಈಚೆ ಬರುತ್ತದೆ. ನೀವೂ ಹಾಗೇ ಮಾಡಿ.

ನಿಮ್ಮ ಲೆಕ್ಕದಲ್ಲಿ ಇನ್ನೊಂದು ಸಾಲು ಇಲ್ಲವೇ ಇಲ್ಲ. ನಿಮ್ಮ ಸಂಬಳ. ಟ್ರೇನರ್‌ಗೂ ಇದೆ, ಕಸ ಗುಡಿಸುವವರಿಗೂ ಇದೆ, ದಿನಕ್ಕೆ ಹದಿನಾಲ್ಕು ತಾಸು ನಿಲ್ಲುವ ನಿಮಗಿಲ್ಲ. ಮನೆಖರ್ಚಿಗೆ 20,000 ಬೇಕೆಂದಿದ್ದೀರಿ. ಅದನ್ನು ಬರೆದುಕೊಂಡರೆ ತುಂಬಬೇಕಾದ ಹೊಂಡ 32,000. ದೊಡ್ಡದೇ. ಆದರೆ ಅಳತೆ ಗೊತ್ತಿರುವ ಹೊಂಡ.

ಈಗ ನಿಮ್ಮ ಉಪಾಯಕ್ಕೆ ಬರುತ್ತೇನೆ. ದಯವಿಟ್ಟು ಆ ಕೈಸಾಲ ತರಬೇಡಿ. ನೂರಕ್ಕೆ ಐದು ಎಂದರೆ ವರ್ಷಕ್ಕೆ ನೂರಕ್ಕೆ ಅರವತ್ತು. ಎರಡು ಲಕ್ಷಕ್ಕೆ ತಿಂಗಳಿಗೆ 10,000 ಬರೀ ಬಡ್ಡಿ. ಅದರ ಮೇಲೆ ಎ.ಸಿ.ಯ ಕರೆಂಟು. 3,999 ಎಂದರೆ ತಿಂಗಳಿಗೆ 333 ರೂಪಾಯಿ. ನೂರು ಜನ ಬಂದರೆ ಜನವರಿಯಲ್ಲಿ ನಾಲ್ಕು ಲಕ್ಷ ಕೈಗೆ ಬಂದು, ಮುಂದಿನ ಹೋಳಿಯ ಹಲಗಿ ಸದ್ದು ಕೇಳುವ ಹೊತ್ತಿಗೆ ನೀವು ಇದೇ ಪತ್ರವನ್ನು ಮತ್ತೆ ಬರೆಯುತ್ತೀರಿ. ದರದ ಕುಸ್ತಿಗೆ ಎದುರಿನವರೊಂದಿಗೆ ಇಳಿಯಲೇಬೇಡಿ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಮೇಲಿನ ಜಿ.ಎಸ್.ಟಿ. ಶೇ. 18ರಿಂದ 5ಕ್ಕೆ ಇಳಿದಿದೆ, ಅವರು ಇನ್ನೂ ಕೆಳಗೆ ಹೋಗಬಲ್ಲರು. ವರ್ಷದ ವಹಿವಾಟು 20 ಲಕ್ಷ ದಾಟದ ನಿಮಗೆ ಆ ತೆರಿಗೆಯ ನೋಂದಣಿಯೇ ಕಡ್ಡಾಯವಿಲ್ಲ, ಹಾಗಾಗಿ ಇಳಿಸಲು ನಿಮ್ಮ ಬಳಿ ಏನೂ ಇಲ್ಲ.

ಬದಲಿಗೆ ಜನವರಿಯಿಂದ ವರ್ಷದ ಫೀಯನ್ನೇ ನಿಲ್ಲಿಸಿ. ಮೂರು ತಿಂಗಳಿಗೆ 2,700 ಎನ್ನಿ. 60ರಲ್ಲಿ 20 ಜನ ಎದ್ದು ಹೋಗಬಹುದು, ಹೋಗಲಿ. ಉಳಿದ 40 ಜನರಿಂದ ತಿಂಗಳಿಗೆ 36,000 ಆಯಿತು, ಇವತ್ತಿನ 30,000ಕ್ಕಿಂತ ಜಾಸ್ತಿಯೇ. ಅಲ್ಲಿಯವರೆಗೆ ನಗದಿಗೆ ಏನು ಮಾಡಬೇಕು? ಆ ಎರಡು ಟ್ರೆಡ್‌ಮಿಲ್‌ಗಳಲ್ಲಿ ಒಂದನ್ನು ಮಾರಿ. ಹೊಟ್ಟೆ ಉರಿಯುತ್ತದೆ, ಕೊಂಡ ಬೆಲೆ ಬರುವುದಿಲ್ಲ. ಆದರೂ ಮಾರಿ. ಬ್ಯಾಂಕಿಗೆ ನಾಳೆಯೇ ಹೋಗಿ. ಕಂತು ಬಾಕಿ 90 ದಿನ ದಾಟಿದರೆ ನಿಮ್ಮ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ, ಆಮೇಲೆ ಮ್ಯಾನೇಜರ್ ಕೈಯಲ್ಲೂ ಹೆಚ್ಚೇನು ಇರುವುದಿಲ್ಲ. ಒಂದು ಕಂತು ತಪ್ಪಿದಾಗಲೇ ಈ ಹಾಳೆ ಹಿಡಿದು ಹೋದವನ ಜೊತೆ ಕಂತು ಇಳಿಸಿ ಅವಧಿ ಹೆಚ್ಚಿಸುವ ಮಾತು ಆಡಬಹುದು. ಮೂರು ಫೋನ್ ಎತ್ತದೆ ಕುಳಿತವನ ಜೊತೆ ಆಡಲಾಗುವುದಿಲ್ಲ.

ಹೊಂಡ ತುಂಬುವ ದಾರಿ ನಿಮ್ಮ ಪತ್ರದಲ್ಲೇ ಇದೆ. ‘ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಜಿಮ್ ಭಣಭಣ’ ಎಂದು ಬರೆದಿದ್ದೀರಿ. ಬಾಡಿಗೆ ಆ ಆರು ತಾಸಿಗೂ ಓಡುತ್ತಿದೆ.

ಕಳೆದ ವರ್ಷ ವಿಜಯಪುರದಲ್ಲಿ, ಸ್ಟೇಷನ್ ರಸ್ತೆಯ ಹತ್ತಿರ, ನಿಮ್ಮಂಥದೇ ಒಂದು ಸಣ್ಣ ಜಿಮ್‌ಗೆ ಬೆಳಗಿನ ಹನ್ನೊಂದಕ್ಕೆ ಹೋಗಿದ್ದೆ. ಒಳಗೆ ಹದಿನೈದು ಹೆಂಗಸರು. ಮಕ್ಕಳನ್ನು ಶಾಲೆಗೆ ಕಳಿಸಿ, ರೊಟ್ಟಿ ಬಡಿದಿಟ್ಟು ಬಂದವರು. ಮೂಲೆಯಲ್ಲಿ ಅರವತ್ತರ ಆಸುಪಾಸಿನ ಒಬ್ಬರು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ, ಗೋಡೆಗೆ ಒತ್ತಿಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಟ್ರೇನರ್ ಹುಡುಗಿ ಎದುರು ಮಂಡಿಯೂರಿ ಎಣಿಸುತ್ತಿದ್ದಳು. ಮೊದಲೆರಡು ಸಲ ಅವರು ತೊಡೆಗೆ ಕೈಯೂರಿ ಎದ್ದರು. ಮೂರನೆಯ ಸಲದಿಂದ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಮುಂದಕ್ಕೆ ಬಾಗಿ, ಹಿಮ್ಮಡಿ ಒತ್ತಿ ಎದ್ದರು. ಹತ್ತು ಸಲ. ಆಮೇಲೆ ಬೆವರು ಒರೆಸುತ್ತ ನನಗೆ ಹೇಳಿದರು: ‘ಪೂಜಾ ಮಾಡಾಕ ನೆಲಕ್ಕ ಕುಂತರ ಏಳಾಕ ಯಾರದರ ಕೈ ಹಿಡೀಬೇಕಾಗ್ತಿತ್ತು. ಈಗ ನಾನ ಏಳತೀನಿ.’ ಆ ಜಿಮ್‌ನಲ್ಲಿ ಎ.ಸಿ. ಇರಲಿಲ್ಲ. ಆ ಕುರ್ಚಿಯ ಬೆಲೆ ಐನೂರೋ ಆರುನೂರೋ ಇದ್ದೀತು.

ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಅದರ ಜೊತೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕು. ನಮ್ಮ ಊರುಗಳಲ್ಲಿ ನಸುಕಿನ ವಾಕಿಂಗ್ ಇದೆ, ಸ್ನಾಯು ಬಲಪಡಿಸುವ ವ್ಯಾಯಾಮ ಎಲ್ಲಿದೆ? ಸಕ್ಕರೆ ಕಾಯಿಲೆಯವರು, ಮಂಡಿ ನೋವಿನವರು ಜಿಮ್ ಬೋರ್ಡು ನೋಡಿದರೆ ‘ಅದು ಹುಡುಗರದು’ ಎಂದು ಮುಂದೆ ಹೋಗುತ್ತಾರೆ. ಹತ್ತೂವರೆಯಿಂದ ಹನ್ನೆರಡರವರೆಗೆ ಹೆಂಗಸರಿಗೆ ಮಾತ್ರ ಎಂದು ಬೋರ್ಡು ಹಾಕಿ, 800 ರೂಪಾಯಿಗೆ 20 ಜನ ಬಂದರೂ 16,000. ಅರ್ಧ ಹೊಂಡ ತುಂಬಿತು. ನಿಮ್ಮ ಹೆಂಡತಿ ಕಾಲೇಜಿನಲ್ಲಿ ಕಬಡ್ಡಿ ಆಡಿದವರೆಂದು ಹೆಮ್ಮೆಯಿಂದ ಬರೆದಿದ್ದೀರಿ. ಸರಿಯಾಗಿ ತರಬೇತಿ ಪಡೆದರೆ ಆ ತಾಸನ್ನು ಅವರೇ ನಡೆಸಬಲ್ಲರು. ಆದರೆ ಜಿಮ್ ನಷ್ಟದಲ್ಲಿದೆ ಎಂಬುದೇ ಗೊತ್ತಿಲ್ಲದವರು ಹೇಗೆ ಕೈ ಹಾಕಿಯಾರು?

ಬೆಳಗಾವಿಯಲ್ಲಿ ನಾನು ಬೆಳೆದ ಓಣಿಯಲ್ಲೊಂದು ಗರಡಿ ಮನೆ ಇತ್ತು. ವಸ್ತಾದರು ನಸುಕಿನಲ್ಲಿ ಕಣದ ಕೆಮ್ಮಣ್ಣನ್ನು ತಾವೇ ಸಲಿಕೆಯಿಂದ ಮಗುಚಿ, ಎಣ್ಣೆ, ಮಜ್ಜಿಗೆ, ಅರಿಶಿಣ ಬೆರೆಸಿ ಹದ ಮಾಡುತ್ತಿದ್ದರು. ಹುಡುಗರು ದಂಡ ಹೊಡೆಯಲು ಸಾಲಾಗಿ ನಿಂತಾಗ ಒಮ್ಮೆ ಕಣ್ಣು ಹಾಯಿಸುವರು, ಹಾಜರಿ ಪುಸ್ತಕ ಇರಲಿಲ್ಲ. ಒಬ್ಬ ಕಾಣದಿದ್ದರೆ ಪಕ್ಕದವನಿಗೆ, ‘ಅಂವಾ ಯಾಕ ಬಂದಿಲ್ಲ, ಮನಿಗೆ ಹೋಗಿ ನೋಡ್ಕೊಂಡ ಬಾ.’ ಜ್ವರ ಬಂದವನ ಮನೆಗೆ ಸಂಜೆ ತಾವೇ ಹೋಗುತ್ತಿದ್ದರು. ನಿಮ್ಮನ್ನು ಬಿಟ್ಟು ಹೋದ 35 ಜನರಲ್ಲಿ ಎಷ್ಟು ಮಂದಿಗೆ ಫೋನ್ ಮಾಡಿದಿರಿ? ಪತ್ರದಲ್ಲಿ ಆ ಮಾತಿಲ್ಲ. ಎಲ್ಲರೂ ಎ.ಸಿ.ಗೆ ಹೋದರೆಂದು ನೀವು ಊಹಿಸಿದ್ದೀರಿ. ವಿದ್ಯಾಗಿರಿಯ ಕಾಲೇಜು ಹುಡುಗರು ಕೆಲವರು ಓದು ಮುಗಿಸಿ ಊರಿಗೆ ಹೋಗಿರಬಹುದು, ಯಾರಿಗೋ ಬೆನ್ನು ಹಿಡಿದಿರಬಹುದು, ಯಾರೋ ನಾಲ್ಕು ದಿನ ತಪ್ಪಿಸಿ ನಾಚಿಕೆಯಿಂದ ಬಾರದೆ ಉಳಿದಿರಬಹುದು. ದಿನಕ್ಕೆ ಐದು ಫೋನಿನಂತೆ ಒಂದು ವಾರದ ಕೆಲಸ. ಆಫರ್ ಹೇಳಬೇಡಿ, ಹೇಗಿದ್ದೀರಿ ಎಂದು ಕೇಳಿ.

ಪ್ರೊಟೀನ್ ಪೌಡರ್ ಮಾರುವವನೊಬ್ಬ ‘ಇಂಜೆಕ್ಷನ್ ಇಟ್ಟರೆ ಒಳ್ಳೆ ಮಾರ್ಜಿನ್’ ಅಂದನೆಂದೂ, ನೀವು ಉತ್ತರ ಕೊಡದೆ ಕಳಿಸಿದಿರೆಂದೂ ಬರೆದಿದ್ದೀರಿ. ಉತ್ತರ ಕೊಡಿ. ಇಲ್ಲ ಎನ್ನಿ. ವೈದ್ಯರ ಚೀಟಿ ಇಲ್ಲದೆ ಚುಚ್ಚಿಕೊಳ್ಳುವ ಸ್ಟೆರಾಯ್ಡ್ ಹುಡುಗನ ಮೈಯ ಸ್ವಂತ ಹಾರ್ಮೋನನ್ನು ನಿಲ್ಲಿಸುತ್ತದೆ, ವೃಷಣ ಕುಗ್ಗಿಸುತ್ತದೆ, ಹೃದಯದ ಗೋಡೆ ದಪ್ಪಗಾಗಿಸುತ್ತದೆ. ಪೊಲೀಸ್ ಭರ್ತಿಗೆ ಮೈ ಕಟ್ಟಲು ಬರುವ ಇಪ್ಪತ್ತರ ಹುಡುಗ ನಿಮ್ಮ ಮಾತನ್ನು ಡಾಕ್ಟರ್ ಮಾತಿಗಿಂತ ಹೆಚ್ಚು ನಂಬುತ್ತಾನೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಿದ್ದೆ ಬರುವುದಿಲ್ಲ, ಒಮ್ಮೊಮ್ಮೆ ಎಲ್ಲ ಸಾಕೆನಿಸುತ್ತದೆ ಎಂಬ ಸಾಲನ್ನು ನಾನು ಹಗುರವಾಗಿ ಓದಲಿಲ್ಲ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇವತ್ತೇ ಮಾಡಿ.

ಇನ್ನು ನಿಮ್ಮ ತಂದೆಯವರ ವಿಷಯ. ಮೂರನೇ ಪುಟದಲ್ಲಿ ಒಂದೇ ಸಾಲಿದೆ: ‘ಅಪ್ಪನ ಅರಿವೆ ಅಂಗಡಿ ಮುಳುಗಡೆಯಲ್ಲಿ ಹೋಯಿತು, ಆ ಪರಿಹಾರದಲ್ಲಿ ಉಳಿದ ರೊಕ್ಕವನ್ನೇ ಜಿಮ್‌ಗೆ ಕೊಟ್ಟರು, ಯಾವ ಬಾಯಿಂದ ಹೇಳಲಿ?’ ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಗುಂಟ ಏರಿ ಹಳೇ ಬಾಗಲಕೋಟೆಗೆ ಬಂದಾಗ ಹೋದದ್ದು ಬರೀ ಅಂಗಡಿಯಲ್ಲ. ಒಂದೇ ಓಣಿಯ ಗಿರಾಕಿಗಳು ನವನಗರದ ಬೇರೆ ಬೇರೆ ಸೆಕ್ಟರ್‌ಗೆ ಚದುರಿದರು. ತಲೆಮಾರಿನ ಉದ್ರಿ ಪುಸ್ತಕದಲ್ಲಿ ಯಾರ ಮನೆ ಎಲ್ಲಿ ಎಂಬುದೇ ತಿಳಿಯದಾಯಿತು. ಗಿಡ ನೆರಳಿಲ್ಲದ ಹೊಸ ರಸ್ತೆಯಲ್ಲಿ ನಿಮ್ಮ ತಂದೆ ಮತ್ತೆ ಗಾದಿ ಹಾಸಿ ಕೂತರು. ಆ ಅಂಗಡಿಯ ದುಡಿಮೆಯಲ್ಲೇ ನೀವು ಓದಿದಿರಿ. ಗಿರಾಕಿ ಬಿಟ್ಟು ಹೋಗುವುದೆಂದರೆ ಏನೆಂದು ನಿಮ್ಮ ಮನೆಯಲ್ಲಿ ಅವರಷ್ಟು ಬಲ್ಲವರಿಲ್ಲ, ನೀವು ಮುಚ್ಚಿಟ್ಟಿರುವುದೂ ಅವರಿಂದಲೇ.

ಭಾನುವಾರ ಮಧ್ಯಾಹ್ನ ಜಿಮ್‌ಗೆ ರಜೆ ಎಂದಿದ್ದೀರಿ. ಊಟವಾದ ಮೇಲೆ ತಂದೆಯವರನ್ನೂ ಮನೆಯವರನ್ನೂ ಕೂಡಿಸಿಕೊಂಡು ಈ ಪತ್ರದ ಜೊತೆ ಕಳಿಸಿರುವ ಹಾಳೆಯನ್ನು ಮುಂದಿಡಿ. ಮೊದಲು 12,000 ತೋರಿಸಿ, ಆಮೇಲೆ 32,000. ಆಮೇಲೆ ತಂದೆಯವರನ್ನು ಕೇಳಿ, ನವನಗರಕ್ಕೆ ಬಂದ ಮೊದಲ ವರ್ಷ ಬೋಣಿಯೂ ಆಗದ ದಿನ ಅವರು ಸಂಜೆಯವರೆಗೆ ಅಂಗಡಿಯಲ್ಲಿ ಕೂತು ಏನು ಮಾಡುತ್ತಿದ್ದರು, ರಾತ್ರಿ ಮನೆಗೆ ಬಂದು ನಿಮ್ಮ ತಾಯಿಗೆ ಏನು ಹೇಳುತ್ತಿದ್ದರು ಅಂತ. ಅವರು ಹೇಳಿದ್ದನ್ನು ನನಗೆ ಬರೆಯಿರಿ. ಅವರು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ