ಅಣು ಸ್ಥಾವರಗಳ ತಪಾಸಣೆಗೆ ಪ್ರಕ್ರಿಯೆಯ ಮೇಲಿನ ನಿಗಾ ಹೇಗೆ ಬಲ ತುಂಬುತ್ತದೆ?

ಅಣು ವಸ್ತು ಗುಟ್ಟಾಗಿ ಬಾಂಬ್ ತಯಾರಿಕೆಗೆ ಹೋಗದಂತೆ ಕಾಯಲು ಲೆಕ್ಕಪತ್ರ, ಮೊಹರು, ಕ್ಯಾಮೆರಾ ಎಲ್ಲವೂ ಇರುವಾಗ ಪ್ರಕ್ರಿಯೆಯ ಮೇಲೂ ನಿಗಾ ಏಕೆ ಎಂದು ಕೇಳಿದ್ದೀರಿ. ಬೇಕೇ ಬೇಕು; ಅದರಲ್ಲೂ ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ ಮರುಸಂಸ್ಕರಣಾ ಘಟಕಗಳಲ್ಲಿ.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮಾನದಂಡದಂತೆ, 8 ಕಿಲೋ ಪ್ಲುಟೋನಿಯಂ ಕಾಣೆಯಾದರೆ ಒಂದು ಬಾಂಬ್ ತಯಾರಾಗುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಜಪಾನಿನ ರೊಕ್ಕಾಶೊ ಘಟಕದ ವಿನ್ಯಾಸ ಸಾಮರ್ಥ್ಯ ವರ್ಷಕ್ಕೆ 800 ಟನ್ ಇಂಧನ. ಅದರಲ್ಲಿರುವ ಪ್ಲುಟೋನಿಯಂ ಸುಮಾರು 8 ಟನ್. ಅಳತೆಯಲ್ಲಿ ಶೇ 1ರಷ್ಟು ಅನಿಶ್ಚಿತತೆ ಉಳಿದರೂ ಅದು 80 ಕಿಲೋ! ವರ್ಷಾಂತ್ಯದ ಲೆಕ್ಕವೊಂದನ್ನೇ ನೆಚ್ಚಿಕೊಂಡು ಕೂರುವುದು ನನ್ನ ದೃಷ್ಟಿಯಲ್ಲಿ ಅಪಾಯಕಾರಿ.

ನಿಗಾ ಹೇಗೆ ನಡೆಯುತ್ತದೆ ನೋಡಿ. ಮರುಸಂಸ್ಕರಣೆಯಲ್ಲಿ ಬಳಸಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ, ಆ ದ್ರಾವಣವನ್ನು ತೊಟ್ಟಿಯಿಂದ ತೊಟ್ಟಿಗೆ ಸಾಗಿಸುತ್ತಾರೆ. ತೊಟ್ಟಿಯೊಳಗೆ ಬೇರೆ ಬೇರೆ ಆಳಕ್ಕೆ ಇಳಿಬಿಟ್ಟ ಸಣ್ಣ ಕೊಳವೆಗಳಲ್ಲಿ ಗಾಳಿ ಹಾಯಿಸುತ್ತಾರೆ. ಗುಳ್ಳೆ ಹೊರಬರಲು ಬೇಕಾಗುವ ಒತ್ತಡದಿಂದ ದ್ರಾವಣದ ಮಟ್ಟವೂ ಸಾಂದ್ರತೆಯೂ ತಿಳಿಯುತ್ತವೆ. ಈ ಅಳತೆ ಹಗಲಿರುಳೂ ದಾಖಲಾಗುತ್ತದೆ. ಒಂದು ತೊಟ್ಟಿಯಿಂದ 100 ಲೀಟರ್ ಹೊರಟು ಮುಂದಿನದಕ್ಕೆ 90 ಲೀಟರ್ ಮಾತ್ರ ಸೇರಿದರೆ ವ್ಯತ್ಯಾಸ ಕೂಡಲೇ ಎದ್ದು ಕಾಣುತ್ತದೆ. ಕೊರತೆ ಮುಚ್ಚಲು ಆಮ್ಲ ಬೆರೆಸಿದರೋ, ಸಾಂದ್ರತೆ ಇಳಿದು ಗುಟ್ಟು ರಟ್ಟಾಗುತ್ತದೆ. ತಪಾಸಣಾಧಿಕಾರಿಗೆ ಯಾವ ತೊಟ್ಟಿ, ಯಾವ ಗಳಿಗೆ ಎಂದು ನೇರವಾಗಿ ಪ್ರಶ್ನಿಸುವ ಆಧಾರ ಸಿಗುತ್ತದೆ.

ಆದರೆ ಮಟ್ಟ, ಸಾಂದ್ರತೆಗಳಷ್ಟೇ ಪ್ಲುಟೋನಿಯಂ ಎಷ್ಟಿದೆ ಎಂದು ಹೇಳಲಾರವು. ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ತಪ್ಪುವುದಿಲ್ಲ. ಜೊತೆಗೆ, ಸಂವೇದಕಗಳು ಘಟಕ ನಡೆಸುವವರದೇ ಆಗಿದ್ದರೆ, ದತ್ತಾಂಶವನ್ನು ಯಾರೂ ತಿದ್ದಿಲ್ಲವೆಂದು ಅಣುಶಕ್ತಿ ಸಂಸ್ಥೆ ಸ್ವತಂತ್ರವಾಗಿ ಖಚಿತಪಡಿಸಿಕೊಳ್ಳಬೇಕು.